ಚೀಲ ಇಳಿಸಿದವನ ಸಾಕ್ಷಿ

ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪರಿಚಯ ಮಾಡಿಕೊಡುವಾಗ ಬೀಗರಿಗೆ ಸ್ವಲ್ಪ ಮುಜುಗರವಾಗುತ್ತದೆ. ಪಕ್ಕದಲ್ಲಿ ಕುಳಿತವರನ್ನು ತೋರಿಸಿ “ಇವ್ರು ಹೊಲಾ ಮನೀ ಕೇಸಿನ ವಕೀಲ್ರು” ಎಂದು ದೊಡ್ಡ ದನಿಯಲ್ಲಿ ಹೇಳಿದವರು ನನ್ನತ್ತ ತಿರುಗಿದಾಗ ದನಿ ಇಳಿಸಿ, “ಇವ್ರು ಕೈಕಾಲ ಮುರಕೊಂಡಾವ್ರ ವಕೀಲ್ರು” ಅನ್ನುತ್ತಾರೆ. ಎಲೆಯ ಮುಂದೆ ಕುಳಿತವರೆಲ್ಲ ತಮ್ಮ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ ಹಾಗೆ ಆಗ ನನಗೆ ಅನ್ನಿಸುತ್ತದೆ. ಯಾರೂ ಮುಟ್ಟಿಕೊಂಡಿರುವುದಿಲ್ಲ. ಇಲ್ಲದ್ದನ್ನು ಕಲ್ಪಿಸಿಕೊಂಡು ಎಲೆಯ ಮೇಲಿನ ಹೋಳಿಗೆ ಆರುವ ತನಕ ಚಿಂತಿಸುತ್ತ ಕೂರುವುದು ನನ್ನ ಹಳೆಯ ಚಾಳಿ.

ಅಪಘಾತದ ಕೇಸುಗಳನ್ನೇ ಯಾಕೆ ಹಿಡಿದಿರಿ ಎಂದು ಕೇಳುವವರಿಗೆ ನನ್ನ ಬಳಿ ಎರಡು ಉತ್ತರಗಳಿವೆ. ಹೊಸದಾಗಿ ಕರಿಕೋಟು ಹಾಕಿದವರು ಕೇಳಿದರೆ ನೊಂದವರ ಪರ ನಿಲ್ಲುವ ಸಮಾಧಾನದ ಬಗ್ಗೆ ಮಾತಾಡುತ್ತೇನೆ. ಬೀಗರು ಕೇಳಿದರೆ, ಹೊಲದ ದಾವೆಗಳ ಹಾಗೆ ಇವು ಮೊಮ್ಮಕ್ಕಳ ಕಾಲದವರೆಗೆ ಎಳೆಯುವುದಿಲ್ಲ ಅನ್ನುತ್ತೇನೆ. ಮೊದಲನೆಯದು ಕೇಳಲು ಚೆನ್ನಾಗಿದೆ, ಎರಡನೆಯದು ಸುಳ್ಳು. ನಿಜವಾದ ಕಾರಣ ಹೇಳಿಕೊಳ್ಳುವಂಥದ್ದಲ್ಲ. ನಾನು ಹುಟ್ಟಾ ಚಿಂತೆಗಾರ. ಹೊಲದ ವ್ಯಾಜ್ಯದವನು ಮುಂದೇನಾದೀತೋ ಎಂಬ ಭಯ ಹೊತ್ತು ಬರುತ್ತಾನೆ; ಅವನ ಭಯಕ್ಕೆ ನನ್ನದೂ ಸೇರಿದರೆ ಇಬ್ಬರಿಗೂ ಊಟ ಸೇರುವುದಿಲ್ಲ. ಅಪಘಾತದವರು ಹಾಗಲ್ಲ. ಆಗಬಾರದ್ದು ಆಗಿಹೋದ ಮೇಲೆ ಅವರು ನನ್ನ ಬಾಗಿಲಿಗೆ ಬರುತ್ತಾರೆ. ಚಿಂತಿಸಲು ಉಳಿದಿರುವುದು ಬರೀ ಕಾಗದ. ಕಾಗದದ ಬಗ್ಗೆ ಚಿಂತಿಸುವುದರಲ್ಲಿ ನನ್ನನ್ನು ಮೀರಿಸುವ ವಕೀಲ ರೋಣ, ನರಗುಂದ, ಗಜೇಂದ್ರಗಡ ಮೂರರಲ್ಲಿ ಎಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಈ ಹೆಮ್ಮೆಯಲ್ಲಿಯೇ ಇಪ್ಪತ್ತು ವರ್ಷ ಕಳೆದಿದ್ದೆ.

ಪುರ್ತಗೇರಿಯ ಆ ಹೆಣ್ಣುಮಗಳಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದ. ಮಗ ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಸೊಸೆ ಮತ್ತು ಆಕೆ, ಇಬ್ಬರೂ ಕೂಲಿ ಮಾಡುವವರು. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಮುಗಿಸಿ ರಾಜೂರ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಬಂದ ಸಾಮಾನಿನ ಗಾಡಿಯೊಂದು ಗುದ್ದಿ, ಬಲಭುಜ ಪುಡಿಯಾಗಿತ್ತು. ದವಾಖಾನೆಯಲ್ಲಿ ಪ್ಲೇಟು ಹಾಕಿ ಹೊಲಿದು ಕಳಿಸಿದ್ದರು. ಗಾಯ ಮಾಯಿತು, ಕೈ ಮಾತ್ರ ಎದೆಯ ಮಟ್ಟಕ್ಕೆ ಬಂದು ಅಲ್ಲಿಯೇ ನಿಂತುಬಿಡುತ್ತಿತ್ತು. ತುರುಬು ಕಟ್ಟಿಕೊಳ್ಳಲು ಆಗುವುದಿಲ್ಲ, ಬಾವಿಯ ಹಗ್ಗ ಜಗ್ಗಲು ಆಗುವುದಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ. ಇವನ್ನೆಲ್ಲ ನನಗೆ ಹೇಳಿದ್ದು ಸೊಸೆ. ನೋವು ಎಲ್ಲಿದೆ ಎಂದು ಆಕೆಯನ್ನು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ.

“ಎಲ್ಲಿ ಬ್ಯಾನಿ ಐತಿ ಯಕ್ಕಾ?”

“ಇರ್ತೈತ್ರಿ ಸಾಹೇಬ್ರ, ವಯಸ್ಸಾತಲ್ಲ. ನಿಮ್ಮ ಹುಡುಗ್ರು ಸಾಲೀ ಚಲೋ ಕಲೀತಾವಿಲ್ಲೋ?”

ನನ್ನ ವೃತ್ತಿಯ ಅತಿ ದೊಡ್ಡ ತಲೆನೋವು ವಿಮಾ ಕಂಪನಿಯಿಂದ ಬರುವುದಿಲ್ಲ. ಅದು ನನ್ನ ಕಕ್ಷಿದಾರರ ಮರ್ಯಾದೆಯಿಂದ ಬರುತ್ತದೆ. ತಮ್ಮ ನೋವನ್ನು ನಾಲ್ಕು ಜನರೆದುರು ಎಣಿಸಿ ಹೇಳುವುದು ಇವರಿಗೆ ನಾಚಿಕೆಯ ಸಂಗತಿ. ಕಾಲು ಕಳೆದುಕೊಂಡ ಅಸೂಟಿಯ ಹಮಾಲನೊಬ್ಬ ನ್ಯಾಯಾಧೀಶರ ಎದುರು ‘ಎಲ್ಲಾ ದೇವ್ರ ದಯದಿಂದ ಬರೋಬರಿ ಐತ್ರಿ’ ಎಂದು ಕೈಮುಗಿದಿದ್ದ. ಆ ದಿನ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನ ತಲೆಗೂದಲನ್ನು ನಾನೇ ಜಗ್ಗಿಕೊಂಡಿದ್ದೆ. ಅದರಿಂದ ನಷ್ಟವಾದದ್ದು ನನಗೇ. ಆಗಲೇ ಹೆಚ್ಚು ಉಳಿದಿರಲಿಲ್ಲ.

ಈ ಹೆಣ್ಣುಮಗಳ ಕೇಸು ರೋಣದ ಕೋರ್ಟಿನಲ್ಲಿತ್ತು. ಒಮ್ಮೆ ನ್ಯಾಯಾಧೀಶ ಸಾಹೇಬರ ವರ್ಗಾವಣೆ, ಒಮ್ಮೆ ಡಾಕ್ಟರ ರಜೆ, ಒಮ್ಮೆ ಗಾಡಿಯ ಮಾಲೀಕನಿಗೆ ನೋಟೀಸು ಮುಟ್ಟಲಿಲ್ಲವೆಂದು ಮುಂದಕ್ಕೆ. ಪ್ರತಿ ತಾರೀಖಿಗೂ ಆಕೆ ಗಜೇಂದ್ರಗಡಕ್ಕೆ ಬಂದು ಅಲ್ಲಿಂದ ರೋಣದ ಬಸ್ಸು ಹಿಡಿದು ಬರುವಳು, ನಾನು ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆದು ಕೊಡುವೆ, ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುವಳು. ಕೊನೆಗೆ ಆಕೆಯ ಸಾಕ್ಷಿಯ ದಿನ ಗೊತ್ತಾಯಿತು. ಅದರ ಹಿಂದಿನ ವಾರ ಆಕೆಯನ್ನು ಕರೆಸಿ, ಎದುರು ವಕೀಲರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಹೇಳು, ಹೆಚ್ಚೂ ಬೇಡ, ಕಡಿಮೆಯೂ ಬೇಡ ಅಂದೆ. “ಹೂನ್ರಿ” ಅಂದಳು. ಆ ಹೂನ್ರಿಯನ್ನು ನಂಬದೆ ಪ್ರಶ್ನೆಗಳನ್ನು ಇನ್ನೊಮ್ಮೆ ಮೊದಲಿನಿಂದ ಕೇಳಿದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯ ಬಗ್ಗೆ ಹೇಳಬೇಕು. ವಕೀಲರ ಬಳಿಗೆ, ಡಾಕ್ಟರ ಬಳಿಗೆ, ಮಾಸ್ತರರ ಬಳಿಗೆ ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಜನ ತಿಳಿದಿದ್ದಾರೆ. ನನ್ನ ಮನೆಯಲ್ಲಿ ಶೇಂಗಾ ಕೊಂಡು ತಂದದ್ದು ನೆನಪಿಲ್ಲ. ಕಡಲೆ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ, ಏನಾದರೊಂದು ಚೀಲ ನನ್ನ ಮೇಜಿನ ಕೆಳಗೆ ಇದ್ದೇ ಇರುತ್ತದೆ. ಅದಕ್ಕೊಂದು ಆಟವೂ ಇದೆ. “ಯಾಕ ತರಾಕ ಹೋದ್ರಿ?” ಎಂದು ನಾನು ಗದರಬೇಕು. “ಇರ್ಲಿ ಬಿಡ್ರಿ, ಹುಡುಗ್ರು ತಿಂತಾವ” ಎಂದು ಅವರು ನಗಬೇಕು. ಬೇಡ ಅನ್ನುವ ನನ್ನ ಮಾತಿನಲ್ಲಿ ಜೀವವಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆ ಬೆಳಿಗ್ಗೆ ನಾನು ಕೋರ್ಟಿಗೆ ಬಂದಾಗ ನನ್ನ ತಲೆಯಲ್ಲಿ ಚಿಂತೆಗಳ ಸಂತೆಯೇ ನೆರೆದಿತ್ತು. ದವಾಖಾನೆಯ ಕಾಗದದಲ್ಲಿ ಒಂದು ಪುಟದ ಸಂಖ್ಯೆ ಎರಡು ಸಲ ಬಂದಿತ್ತು. ಪ್ರಮಾಣಪತ್ರದಲ್ಲಿ ಊರಿನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಎಕ್ಸರೇ ಹಾಳೆಗಳನ್ನು ಮನೆಯಲ್ಲಿ ಬಿಟ್ಟು ಬಂದೆನೋ ಎಂದು ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ನೋಡಿದ್ದೆ. ಆವರಣದ ಗಿಡದ ಕೆಳಗೆ ಆಕೆ ನಿಂತಿದ್ದಳು. ತಲೆಯ ಮೇಲೆ ಚೀಲ. ಎಡಗೈಯಿಂದ ಅದನ್ನು ಹಿಡಿದಿದ್ದಳು. ಬಲಗೈ ಸೆರಗಿನೊಳಗೆ ಇತ್ತು.

“ಸಾಹೇಬ್ರ, ಲಗೂ ಬರ್ರಿ, ಇದನ್ನೊಂಚೂರು ಇಳಸ್ರಿ. ಕುತಗಿ ಹಿಡದಬಿಟ್ಟೈತಿ.”

“ಎಷ್ಟೊತ್ತಾತ ಯಕ್ಕಾ ನಿಂತು?”

“ಒಂಬತ್ತೂವರಿ ಬಸ್ಸಿಗೆ ಬಂದ್ನಿರಿ. ಕಂಡಕ್ಟರ್ ತಲೀ ಮ್ಯಾಲೆ ಇಟ್ಟ ಕಳಿಸಿದ. ಇಳಸಾಕ ಯಾರೂ ಸಿಗಲಿಲ್ಲ.”

“ಇಷ್ಟ ಮಂದಿ ಅದಾರಲ್ಲ, ಯಾರಿಗರ ಹೇಳಬಾರದ?”

“ಯಾರಿಗ ಹೇಳ್ಲೆರಿ? ಎಲ್ಲಾರೂ ಕರಿಕೋಟ ಹಾಕ್ಕೊಂಡ ನಿಂತಾರ.”

ಚೀಲ ಇಳಿಸಿದೆ. ಶೇಂಗಾ. ಏಳೆಂಟು ಕಿಲೋ ಇದ್ದೀತು. ಒಂದು ಗಂಟೆಗೂ ಹೆಚ್ಚು ಹೊತ್ತು ಆ ಭಾರ ಹೊತ್ತು ನಿಂತಿದ್ದಳು, ಯಾಕೆಂದರೆ ತಲೆಯ ಮೇಲಿನದನ್ನು ಕೆಳಗಿಡಲು ಎರಡು ಕೈ ಬೇಕು, ಆಕೆಗೆ ಇದ್ದದ್ದು ಒಂದು. ನಾನು ಕೋರ್ಟಿಗೆ ಕೊಡಬೇಕಾಗಿದ್ದ ಸಾಕ್ಷ್ಯವೆಲ್ಲ ನನ್ನ ಕಣ್ಣೆದುರು ಗಿಡದ ನೆರಳಿನಲ್ಲಿ ನಿಂತಿತ್ತು. ನಾನು ಏನು ಮಾಡಿದೆ? “ಯಾಕ ತರಾಕ ಹೋದ್ರಿ?” ಎಂದು ಗದರಿದೆ. ಆಕೆ ನಕ್ಕು, ಹುಡುಗರು ತಿನ್ನುತ್ತಾರೆ ಅಂದಳು. ಚೀಲವನ್ನು ಗಾಡಿಯ ಹಿಂದೆ ಕಟ್ಟಿ, ಎರಡು ಸಲ ಬಂದ ಪುಟದ ಸಂಖ್ಯೆಯನ್ನು ತಿದ್ದಲು ಓಡಿದೆ.

ಎದುರಿನ ಚಹಾದಂಗಡಿಯಲ್ಲಿ ವಿಮಾ ಕಂಪನಿಯ ವಕೀಲರು ಕುಳಿತಿದ್ದರು. ನನ್ನ ಗೆಳೆಯರು, ಒಂದೇ ವರ್ಷ ವಕೀಲಿ ಸನದು ಪಡೆದವರು ನಾವು. ಬಸ್ಸಿನ ಕಡೆಯಿಂದ ಆಕೆ ಚೀಲ ಹೊತ್ತು ಬರುವುದನ್ನು ಅವರು ನೋಡಿ, ಚಹಾ ಮುಗಿಸಿ ಒಳಗೆ ಹೋಗಿದ್ದರು. ನಾನು ಇಳಿಸಿದ್ದನ್ನು ನೋಡಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕಟಕಟೆಯಲ್ಲಿ ಆಕೆ ಚೆನ್ನಾಗಿಯೇ ಹೇಳಿದಳು. ಗಾಡಿ ಹೇಗೆ ಬಂತು, ಎಲ್ಲಿ ಬಿದ್ದೆ, ಯಾರು ಎತ್ತಿದರು, ಎಲ್ಲ. ಎದುರು ವಕೀಲರ ಪಾಟೀಸವಾಲು ಶುರುವಾಯಿತು. ಗೆಳೆಯರ ದನಿ ಬೆಲ್ಲದ ಹಾಗೆ ಇರುತ್ತದೆ.

“ಯವ್ವಾ, ಇವತ್ತ ಊರಿಂದ ಒಬ್ಬಾಕಿನ ಬಂದೀಯೇನು?”

“ಹೌದ್ರಿ ಯಪ್ಪಾ.”

“ಪಾಪ, ದೂರ ಆತು. ಬರಿಗೈಲೆ ಬಂದ್ಯೋ, ಏನರ ತಂದ್ಯೋ?”

ಆಕೆಯ ಮುಖ ಅರಳಿತು. “ವಕೀಲ ಸಾಹೇಬ್ರ ಕಡೆ ಬರಿಗೈಲೆ ಬರಾಕ ಬರತೈತೇನ್ರಿ? ಶೇಂಗಾ ತಂದೀನ್ರಿ.”

“ಎಷ್ಟ ತಂದಿ? ಒಂದ್ಹಿಡಿ?”

ಆ ‘ಒಂದ್ಹಿಡಿ’ಯೇ ಗಾಳ. ಕೊಟ್ಟದ್ದನ್ನು ಸಣ್ಣದೆಂದು ನಾಲ್ಕು ಜನರೆದುರು ಒಪ್ಪುವ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಬೇಕು.

“ಒಂದ್ಹಿಡಿ ಯಾಕ್ರಿ? ಅರ್ಧ ಚೀಲ ತಂದೀನಿ!”

“ಅರ್ಧ ಚೀಲ! ಹ್ಯಾಂಗ ತಂದಿ ಯವ್ವಾ ಅಷ್ಟು?”

“ತಲೀ ಮ್ಯಾಲೆ ಹೊತ್ಕೊಂಡ ಬಂದೀನ್ರಿ.”

ನ್ಯಾಯಾಧೀಶ ಸಾಹೇಬರು ಬರೆಸಿದರು: “ಈ ದಿನ ನಾನು ಅರ್ಧ ಚೀಲ ಶೇಂಗಾವನ್ನು ತಲೆಯ ಮೇಲೆ ಹೊತ್ತು ತಂದಿರುತ್ತೇನೆ ಎಂದರೆ ಸರಿ.” ಟೈಪು ಮಾಡುವ ಸದ್ದು ನನ್ನ ನೆತ್ತಿಯ ಮೇಲೆ ಮೊಳೆ ಹೊಡೆದ ಹಾಗೆ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಗೆಳೆಯರು ನನ್ನತ್ತ ನೋಡದೆ ಕುಳಿತುಕೊಂಡರು. ಅದು ಅವರ ದೊಡ್ಡತನ.

ಎದ್ದು ನಿಂತು ಮರುಪ್ರಶ್ನೆಗೆ ಅನುಮತಿ ಕೇಳಿದೆ. ಸಿಕ್ಕಿತು. “ಆ ಚೀಲ ನಿಮ್ಮ ತಲೀ ಮ್ಯಾಲೆ ಯಾರ ಇಟ್ರು ಯಕ್ಕಾ?” ಎಂದೆ. ಕಂಡಕ್ಟರ್ ಅನ್ನುತ್ತಾಳೆ, ಇಳಿಸಿದವರು ನೀವು ಅನ್ನುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಆಕೆ ಹಿಂದಿನ ಬೆಂಚಿನತ್ತ ಒಮ್ಮೆ ನೋಡಿ ಹೇಳಿದಳು: “ಯಾರ ಯಾಕ ಇಡಬೇಕ್ರಿ? ನಾನ ಹೊತ್ಕೊಂಡೀನಿ.”

ಹೊರಗೆ ಬಂದ ಮೇಲೆ ನಾನು ಆಕೆಯನ್ನು ಬೈದೆ. ಇಪ್ಪತ್ತು ವರ್ಷದಲ್ಲಿ ಯಾವ ಕಕ್ಷಿದಾರರನ್ನೂ ಹಾಗೆ ಬೈದಿರಲಿಲ್ಲ. “ಕೈ ಬರಂಗಿಲ್ಲ ಅಂತ ನಾ ಇಲ್ಲಿ ಕಾಗದದ ಮ್ಯಾಲೆ ಕಾಗದ ಬರಿಯಾಕ ಹತ್ತೀನಿ, ನೀವ ನಿಂತ್ಕೊಂಡ ಎಲ್ಲಾ ಬರತೈತಿ ಅಂತೀರಿ! ನಂದೇನ ಹೋಗೂದೈತಿ? ಹೋಗೂದ ನಿಮ್ದು!” ಆಕೆ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಉಸಿರು ಸ್ವಲ್ಪ ಕೆಳಗಿಳಿದಾಗ ಮೆಲ್ಲಗೆ ಹೇಳಿದಳು.

“ಹಿಂದ ನಮ್ಮೂರ ಮಂದಿ ಇಬ್ರ ಕುಂತಿದ್ರು ಸಾಹೇಬ್ರ. ಅವ್ರ ಮುಂದ ನನಗ ಆಗಂಗಿಲ್ಲ ಅಂತ ಹ್ಯಾಂಗ ಹೇಳ್ಲಿ? ನಾಳೆ ಯಾರ ಕೆಲಸಕ್ಕ ಕರೀತಾರ?”

ಆಗುವುದಿಲ್ಲ ಎಂದು ಕೋರ್ಟು ಒಪ್ಪಬೇಕು, ಆಗುತ್ತದೆ ಎಂದು ಊರು ನಂಬಬೇಕು. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ. ಯಾವ ಕಾನೂನಿನ ಪುಸ್ತಕದಲ್ಲಿಯೂ ಇದಕ್ಕೆ ಕಲಮು ಇಲ್ಲ.

ಮುಂದಿನ ತಾರೀಖಿಗೆ ಡಾಕ್ಟರು ಬಂದರು. ತೋಳು ಮೇಲೇಳುವುದಿಲ್ಲ, ಬಲ ಬಹಳ ಕಡಿಮೆ ಎಂದರು. ಅರ್ಧ ಚೀಲ ಹೊರುವುದು ಸಾಧ್ಯವೇ ಎಂದು ಗೆಳೆಯರು ಕೇಳಿದರು. ಡಾಕ್ಟರು ಕೈಗಡಿಯಾರ ನೋಡಿಕೊಂಡು “ಸಾಧ್ಯವಿರಬಹುದು” ಅಂದು ಇಳಿದು ಹೋದರು. ಅವರಿಗೂ ಹೊರಗೆ ರೋಗಿಗಳು ಕಾಯುತ್ತಿದ್ದರು; ಅವರನ್ನು ಬೈಯಲೂ ನನಗೆ ಕಾರಣ ಸಿಗಲಿಲ್ಲ.

ಈಗ ದಾರಿ ಏನು? ಕಂಡಕ್ಟರನನ್ನು ಹುಡುಕಲು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಮೂರು ಸಲ ನಿಂತೆ. ಆ ದಿನ ಆ ಬಸ್ಸಿಗೆ ಯಾರು ಬಂದಿದ್ದರೆಂದು ತಿಳಿಯುವಷ್ಟರಲ್ಲಿ ಆತ ಬೇರೆ ಊರಿಗೆ ವರ್ಗವಾಗಿದ್ದ, ಫೋನಿನಲ್ಲಿ ಮಾತಾಡಿದರೆ ದಿನಕ್ಕೆ ಎಷ್ಟು ಚೀಲ ಎತ್ತಿಡುತ್ತೇನೋ ನೆನಪಿಲ್ಲ ಸರ್ ಅಂದ. ಸೊಸೆಯನ್ನು ಕರೆತಂದರೆ ಹೇಳಿಕೊಟ್ಟ ಮಾತು ಅನ್ನುತ್ತಾರೆ. ಆಕೆ ಚೀಲ ಇಳಿಸಲಾಗದೆ ನಿಂತಿದ್ದನ್ನು ಕಂಡು, ಕೈಕೊಟ್ಟು ಇಳಿಸಿದವನು ಒಬ್ಬನೇ. ಆ ಒಬ್ಬ ಆಕೆಯ ವಕೀಲ. ತಾನು ನಡೆಸುವ ಕೇಸಿನಲ್ಲಿ ತಾನೇ ಸಾಕ್ಷಿಯಾಗಿ ನಿಲ್ಲುವುದು ವಕೀಲನಿಗೆ ಸಲ್ಲ. ಕಟಕಟೆ ಹತ್ತಬೇಕೆಂದರೆ ಕೇಸನ್ನು ಬಿಟ್ಟುಕೊಡಬೇಕು.

ಒಂದು ವಾರ ಮನೆಯ ಪಡಸಾಲೆಯ ಫರಸಿಕಲ್ಲಿನ ನೆಲದ ಮೇಲೆ ಅಡ್ಡಾಡಿದೆ. ಬಿಟ್ಟುಕೊಟ್ಟರೆ, ಸೋಲುವ ಕೇಸಿನಿಂದ ಓಡಿಹೋದ ಅನ್ನುತ್ತಾರೆ. ಸಾಕ್ಷಿ ಹೇಳಿದರೆ, ವಕೀಲನೇ ಸುಳ್ಳು ಹೇಳಲು ನಿಂತ ಅನ್ನುತ್ತಾರೆ. ಸುಮ್ಮನಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಅದೇ ದೊಡ್ಡ ಸಂಕಟ. ಹೆಂಡತಿ ಅಡುಗೆ ಮನೆಯಿಂದ ಇಣುಕಿದಳು.

“ನಿಮ್ಮ ಕಾಲಾಗ ಫರಸಿ ಸವದ ಹೋಗತಾವ. ಏನಾತ ಈಗ?”

ಹೇಳಿದೆ.

“ಅಲ್ರೀ, ಇಪ್ಪತ್ತ ವರ್ಷದಾಗ ಮೊದಲನೇ ಸಲ ಕೋರ್ಟಿನ್ಯಾಗ ಪ್ರಮಾಣ ಮಾಡಿ ಖರೇ ಹೇಳೂ ಪಾಳಿ ಬಂದೈತಿ. ಅದಕ್ಕೂ ಚಿಂತಿ ಮಾಡ್ತೀರಲ್ಲ!”

ನರಗುಂದದಲ್ಲಿ ವಕೀಲಿ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ನನಗಿಂತ ಬಹಳ ಚಿಕ್ಕವಳು, ನನಗಿಂತ ಬಹಳ ಗಟ್ಟಿ. ಕಾಗದದ ಗಂಟು ಹೊತ್ತು ಅವಳ ಬಳಿಗೆ ಹೋದೆ. ಅವಳು ಎಲ್ಲವನ್ನೂ ಓದಿ, ಚಷ್ಮಾ ತೆಗೆದು ಕೇಳಿದಳು.

“ಸರ್, ನೀವು ಚೀಲ ಇಳಿಸೂ ಮುಂದ ಆಕಿ ಬಲಗೈ ಎಲ್ಲಿತ್ತು?”

“ಸೆರಗಿನ್ಯಾಗ.”

“ಅವತ್ತ ಇದನ್ನ ಯಾಕ ನೋಡಲಿಲ್ಲ?”

“ನೋಡಿದ್ದೆ.”

“ನೋಡಿದ್ರಿ, ತಿಳೀಲಿಲ್ಲ ಅನ್ರಿ” ಎಂದು ಚಷ್ಮಾ ಹಾಕಿಕೊಂಡಳು. “ಬರ್ರಿ, ನಿಮಗ ಸಾಕ್ಷಿ ಹೇಳೂದನ್ನ ಕಲಸೂಣು. ಕೇಳಿದ್ದಕ್ಕಷ್ಟ ಉತ್ತರ. ಭಾಷಣ ಬ್ಯಾಡ. ಬೆವರು ಒರಸ್ಕೋಬ್ಯಾಡ್ರಿ, ಸುಳ್ಳ ಹೇಳ್ದಂಗ ಕಾಣತೈತಿ.”

ಕೇಸಿನಿಂದ ನಾನು ಹೊರಬಂದೆ, ಅವಳು ಒಳಗೆ ಹೋದಳು. ನನ್ನನ್ನು ಸಾಕ್ಷಿಯಾಗಿ ಕರೆಯಲು ಅರ್ಜಿ ಕೊಟ್ಟಳು, ಗೆಳೆಯರು ತಕರಾರು ಹಾಕಿದರು, ಎರಡು ತಾರೀಖು ಹೋಯಿತು, ಅರ್ಜಿ ಒಪ್ಪಿಗೆಯಾಯಿತು. ಹೀಗೆ ನಾನು ಮೂರನೆಯ ಸಾಕ್ಷಿಯಾಗಿ ಕಟಕಟೆ ಹತ್ತಿದೆ. ಮೊದಲು ತಿಳಿದದ್ದು, ಅಲ್ಲಿ ಕೈ ಎಲ್ಲಿಡಬೇಕೆಂಬುದೇ ಗೊತ್ತಾಗುವುದಿಲ್ಲ. ಎಷ್ಟೋ ಜನರನ್ನು ಅಲ್ಲಿ ನಿಲ್ಲಿಸಿ ‘ಗಾಬರಿ ಆಗಬ್ಯಾಡ್ರಿ’ ಎಂದು ಹೇಳಿದ್ದ ನಾನು ಕೈಯನ್ನು ಒಮ್ಮೆ ಕಟಕಟೆಯ ಮೇಲಿಟ್ಟೆ, ಒಮ್ಮೆ ಬೆನ್ನ ಹಿಂದೆ ಕಟ್ಟಿಕೊಂಡೆ. ಬೆವರು ಒರೆಸಿಕೊಂಡೆ. ನರಗುಂದದವಳು ಕಣ್ಣು ಮುಚ್ಚಿಕೊಂಡಳು.

ನಡೆದದ್ದನ್ನು ಹೇಳಿದೆ. ಗೆಳೆಯರು ಎದ್ದರು.

“ಕಕ್ಷಿದಾರರಿಂದ ಕಾಳುಕಡಿ ತೆಗೆದುಕೊಳ್ಳುವ ರೂಢಿ ನಿಮಗಿದೆ ಎಂದರೆ ಸರಿಯೇ?”

“ಸರಿ.”

“ಆ ದಿನದ ಶೇಂಗಾವನ್ನು ಮನೆಗೆ ಒಯ್ದಿರಿ ಎಂದರೆ ಸರಿಯೇ?”

“ಸರಿ.” ಹುರಿದು ತಿಂದೆವೆಂದೂ ಹೇಳುವವನಿದ್ದೆ, ಭಾಷಣ ಬೇಡವೆಂಬುದು ನೆನಪಾಯಿತು.

“ಈ ಪ್ರಕರಣದಲ್ಲಿ ನಿಮಗೆ ಏನು ಆಸಕ್ತಿ? ಕೇಸು ಬಿಟ್ಟುಕೊಟ್ಟ ಮೇಲೂ ಯಾಕೆ ಬಂದಿದ್ದೀರಿ?”

ಮದುವೆ ಮನೆಗಳಲ್ಲಿ ಕೇಳುವ ಪ್ರಶ್ನೆಯನ್ನು ಅವರು ಪ್ರಮಾಣದ ಮೇಲೆ ಕೇಳಿದ್ದರು. ನನ್ನ ಎರಡು ಸಿದ್ಧ ಉತ್ತರಗಳೂ ಬಾಯಿಗೆ ಬಂದು ವಾಪಸು ಹೋದವು. ಕೊನೆಗೆ ಹೇಳಿದೆ: “ಆ ಕೈ ಕೆಲಸ ಮಾಡುವುದಿಲ್ಲ ಎಂದು ಬರೆದವನು ನಾನು. ಅದು ಕೆಲಸ ಮಾಡದೆ ಇದ್ದದ್ದು ನನ್ನ ಮೂಗಿನ ಮುಂದೆ ಕಂಡಾಗ ನನಗೆ ಪುಟದ ಸಂಖ್ಯೆಯ ಚಿಂತೆ ಇತ್ತು. ಕಾಗದದಲ್ಲಿದ್ದದ್ದನ್ನು ನಂಬಿದ್ದೆ, ಎದುರಿಗಿದ್ದವಳನ್ನು ನೋಡಲಿಲ್ಲ. ಆ ತಪ್ಪಿಗೆ ಆಕೆ ಸೋಲಬಾರದು ಅಂತ ಬಂದೆ.”

ಸಾಹೇಬರು ಟೈಪು ಮಾಡುವವರತ್ತ ತಿರುಗಿ, “ಇದನ್ನು ಬರೆಯುವುದು ಬೇಡ” ಅಂದರು. ಜೀವಮಾನದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಒಂದೇ ಒಂದು ನೆಟ್ಟಗಿನ ಉತ್ತರ ದಾಖಲಾಗಲಿಲ್ಲ. ಕೆಳಗಿಳಿದು ಬಂದು ಬೆಂಚಿನ ಮೇಲೆ ಕುಳಿತೆ. ಆಕೆ ಅಲ್ಲಿಯೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನು ಪ್ರಮಾಣ ಮಾಡುವಾಗ ಆಕೆ ಕೈಮುಗಿದು ನಿಂತಿದ್ದಳಂತೆ. ನರಗುಂದದವಳು ಆಮೇಲೆ ಹೇಳಿದಳು.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ನರಗುಂದದಿಂದ ಫೋನು. “ಸರ್, ನಿಮ್ಮ ಮಾತು ನಂಬ್ಯಾರ. ತಲೀ ಮ್ಯಾಲೆ ಇಟ್ಟದ್ದನ್ನ ಹೊರೂದು ಬ್ಯಾರೆ, ಎತ್ತಿ ಇಳಿಸೂದು ಬ್ಯಾರೆ ಅಂತ ಚಂದ ಬರದಾರ. ಕೈ ಕಾಯಂ ಹೋಗೇತಿ ಅಂತ ಒಪ್ಪ್ಯಾರ.” ನಾವು ಕೇಳಿದಷ್ಟು ಪರಿಹಾರ ಸಿಕ್ಕಿರಲಿಲ್ಲ, ಆದರೂ ಗೆಲುವೇ. ಆ ಭಾನುವಾರ ನಾನೇ ಪುರ್ತಗೇರಿಗೆ ಹೋದೆ. ವಕೀಲನಾಗಿ ಹೋಗುವ ಹಕ್ಕಿರಲಿಲ್ಲ, ಸಾಕ್ಷಿಯಾಗಿ ಹೋದೆನೆಂದು ನನಗೆ ನಾನೇ ಹೇಳಿಕೊಂಡೆ. ಸುದ್ದಿ ಹೇಳುವಾಗ ಆಕೆಯ ಮುಖ ನೋಡುವ ಆಸೆ ಇತ್ತು, ಅಷ್ಟೇ.

ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕಂಬಳಿ ಹಾಸಿದಳು, ಎಡಗೈಯಿಂದ ಚಹಾ ತಂದಿಟ್ಟಳು. ತೀರ್ಪಿನ ಪ್ರತಿ ಬಿಚ್ಚಿ, ಬಲತೋಳು ಶಾಶ್ವತವಾಗಿ ಊನವಾಗಿದೆ ಎಂದಿದ್ದ ಸಾಲನ್ನು ಕನ್ನಡದಲ್ಲಿ ತಿಳಿಸಿ ಹೇಳಿದೆ.

“ಶಾಶ್ವತ ಅಂದ್ರ ಕಾಯಂ ಅಲ್ರಿ?”

“ಹೌದ ಯಕ್ಕಾ. ಒಪ್ಪಿಬಿಟ್ಟಾರ.”

ಆಕೆ ಬಾಗಿಲ ಪಕ್ಕದ ಗೋಡೆಯನ್ನು ತೋರಿಸಿದಳು. ಸುಣ್ಣದ ಮೇಲೆ ಬೆರಳಿನ ಮಸಕು ಗುರುತುಗಳು, ಒಂದರ ಮೇಲೊಂದು, ಏಣಿಯ ಮೆಟ್ಟಿಲ ಹಾಗೆ.

“ದವಾಖಾನ್ಯಾಗ ಹೇಳಿದ್ರು, ದಿನಾ ಗೋಡಿಗೆ ಬೆರಳ ಹಚ್ಚಿ ಮ್ಯಾಲೆ ಏರಸ್ಕೋತ ಹೋಗು ಅಂತ. ಅಲ್ಲೀತನಕ ಬಂದಿತ್ರಿ” ಎಂದು ಮೇಲಿನ ಗುರುತನ್ನು ತೋರಿಸಿದಳು. ಅದು ಎದೆಯ ಮಟ್ಟಕ್ಕಿಂತ ಒಂದು ಗೇಣು ಮೇಲಿತ್ತು. “ಆಮ್ಯಾಲ ಬಿಟ್ಟಬಿಟ್ನಿ.”

“ಯಾಕ?”

“ನೀವ ದೇವ್ರ ಮ್ಯಾಲೆ ಪ್ರಮಾಣ ಮಾಡಿ ಹೇಳಿದ್ರಲ್ರಿ, ಈಕಿ ಕೈ ಬರಂಗಿಲ್ಲ ಅಂತ. ನನ್ನ ಸಲುವಾಗಿ ಅಷ್ಟ ಮಂದ್ಯಾಗ ಬೆವರಿಳಿಸ್ಕೋತ ನಿಂತ್ರಿ. ಕೈ ನೆಟ್ಟಗಾದ್ರ ನಿಮ್ಮ ಮಾತ ಸುಳ್ಳಾಗತೈತಿ ಅಲ್ರಿ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸೊಸೆ ನನ್ನತ್ತ ನೋಡದೆ ಹೇಳಿದಳು: “ನಾ ಎಷ್ಟ ಹೇಳಿದ್ನಿರಿ. ಕೇಳವಲ್ಲಳು. ಸಾಹೇಬ್ರು ಬೈತಾರ ಅಂತಾಳ.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆಕೆಯ ಮೇಲೆ, ನನ್ನ ಬೈಗುಳದ ಮೇಲೆ, ಕೈ ಊನವಾಗಿದ್ದರಷ್ಟೇ ಮಾತು ಕೇಳುವ ಇಡೀ ವ್ಯವಸ್ಥೆಯ ಮೇಲೆ. ಆ ವ್ಯಾಯಾಮದಿಂದ ಕೈ ಎಷ್ಟು ಸುಧಾರಿಸುತ್ತಿತ್ತೋ ಏನೋ. ಆಮೇಲೆ ಡಾಕ್ಟರನ್ನು ಕೇಳಿದೆ; ಸುಧಾರಿಸಬಹುದಿತ್ತು, ಸುಧಾರಿಸದೆಯೂ ಇರಬಹುದಿತ್ತು ಅಂದರು. ಅವರ ಉತ್ತರಗಳೆಲ್ಲ ಹಾಗೆಯೇ.

“ಈಗ ಕೇಸ ಮುಗೀತಲ್ರಿ ಸಾಹೇಬ್ರ,” ಆಕೆ ಕೇಳಿದಳು. “ಇನ್ನ ಮಾಡಬಹುದೇನು?”

ಆಗ ‘ಮಾಡ್ರಿ’ ಅನ್ನುವುದೊಂದೇ ಉತ್ತರ. ಆದರೆ ನನ್ನ ತಲೆಗೆ ಮೊದಲು ಬಂದದ್ದು ವಿಮಾ ಕಂಪನಿ. ಅವರು ಧಾರವಾಡದ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಹೋದರೆ ಮತ್ತೆ ಕೈ ತೋರಿಸಲು ಹೇಳಬಹುದು. ಇನ್ನೊಬ್ಬ ಡಾಕ್ಟರು ಆ ತೋಳನ್ನು ಎತ್ತಿ ನೋಡಬಹುದು. ಲೆಕ್ಕ ಅಷ್ಟು ದೂರ ಓಡಿದ ಮೇಲೆ ಆಕೆ ಇನ್ನೂ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆಂದು ತಿಳಿಯಿತು.

“ಮಾಡ್ರಿ ಯಕ್ಕಾ” ಎಂದೆ. “ಇವತ್ತಿಂದನ ಮಾಡ್ರಿ. ನನ್ನ ಮಾತು ಸುಳ್ಳಾದ್ರ ಆಗ್ಲಿ.”

ಆಕೆ ನಕ್ಕಳು. ನನ್ನ ಮಾತಿಗೆ ಮುಂಚೆ ಹೋದ ಆ ಒಂದೆರಡು ಗಳಿಗೆಯನ್ನು ಆಕೆ ಗಮನಿಸಲಿಲ್ಲ. ಒಲೆಯ ಮುಂದಿನ ಸೊಸೆ ಗಮನಿಸಿದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮತ್ತೆ ನನ್ನತ್ತ ತಿರುಗಲಿಲ್ಲ. ಅತ್ತೆ ಎದ್ದು ಹೋಗಿ ಗೋಡೆಯ ಮುಂದೆ ನಿಂತು ಬೆರಳು ಹಚ್ಚಿದಳು. ಬೆರಳುಗಳು ಕೆಳಗಿನ ನಾಲ್ಕೈದು ಗುರುತುಗಳನ್ನು ಏರಿ ಎದೆಯ ಮಟ್ಟದಲ್ಲಿ ನಿಂತವು. ಇನ್ನೂ ಮೇಲೆ ಹೋಗುತ್ತವೇನೋ ಎಂದು ನಾನು ಚಹಾ ಮುಟ್ಟದೆ ನೋಡುತ್ತ ಕುಳಿತೆ.